ಬೆನ್ನಟ್ಟುವವರ ನಡುವೆ ಐದು ನಿಮಿಷ

ಮೊದಲ ಖೋ ಖೋ ವಿಶ್ವಕಪ್‌ನ ಅಂತಿಮ ಪಂದ್ಯಗಳು 2025ರ ಜನವರಿ 19ರಂದು ದೆಹಲಿಯಲ್ಲಿ ನಡೆದವು. ಮಹಿಳೆಯರ ವಿಭಾಗದಲ್ಲಿ ಭಾರತ ತಂಡ ನೇಪಾಳವನ್ನು 78-40 ಅಂಕಗಳಿಂದ ಸೋಲಿಸಿತು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡವರು ನಮ್ಮ ಮೈಸೂರು ಜಿಲ್ಲೆಯವರೇ ಆದ, ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ.

ಕೊನೆಯ ಸರದಿಯಲ್ಲಿ ನೇಪಾಳದವರು ಬೆನ್ನಟ್ಟಬೇಕು, ನಮ್ಮವರು ತಪ್ಪಿಸಿಕೊಳ್ಳಬೇಕು. ಮೂವರ ಒಂದು ತುಕಡಿ ಮೂರು ನಿಮಿಷ ಔಟಾಗದೆ ಉಳಿದರೆ ಒಂದು ಅಂಕ. ಅನಂತರ ಪ್ರತಿ 30 ಸೆಕೆಂಡಿಗೆ ಇನ್ನೊಂದು. ಇದಕ್ಕೆ 'ಡ್ರೀಮ್ ರನ್' ಎಂದು ಹೆಸರು. ಚೈತ್ರಾ ಇದ್ದ ತುಕಡಿ ಭಾರತದ 73 ಅಂಕಗಳನ್ನು 78ಕ್ಕೆ ಏರಿಸಿತು. ವಿದ್ಯಾರ್ಥಿಗಳೇ, ಲೆಕ್ಕ ಹಾಕಿ ನೋಡಿ: ಐದು ಅಂಕ ಬರಬೇಕಾದರೆ ಐದು ನಿಮಿಷ ಸಿಕ್ಕಿಬೀಳದೆ ಓಡಿರಬೇಕು!

ಬರೀ ವೇಗದಿಂದ ಇದು ಸಾಧ್ಯವಿಲ್ಲ. ಬೆನ್ನಟ್ಟುವವರು ಹಿಡಿದ ದಿಕ್ಕಿನಿಂದ ಹಿಂತಿರುಗುವಂತಿಲ್ಲ, ಕುಳಿತವರ ನಡುವೆ ನುಸುಳುವಂತಿಲ್ಲ. ತಪ್ಪಿಸಿಕೊಳ್ಳುವವರಿಗೆ ಎರಡೂ ಉಂಟು. ಆದರೆ ಓಡುವ ದೇಹ ತಾನು ಹೋಗುತ್ತಿರುವ ದಿಕ್ಕಿನಲ್ಲೇ ಮುಂದುವರಿಯಲು ನೋಡುತ್ತದೆ. ಇದೇ ಜಡತ್ವ, ನ್ಯೂಟನ್ನನ ಮೊದಲ ನಿಯಮ. ದಿಕ್ಕು ಬದಲಿಸಲು ಬೇಕಾದ ಬಲ ಪಾದ ಮತ್ತು ನೆಲದ ನಡುವಿನ ಘರ್ಷಣೆಯಿಂದ ಬರಬೇಕು. ಅದಕ್ಕೇ ಒಳ್ಳೆಯ ಓಟಗಾರ್ತಿ ಮಂಡಿ ಬಗ್ಗಿಸಿ, ಗುರುತ್ವ ಕೇಂದ್ರವನ್ನು ತಗ್ಗಿಸಿ ತಿರುಗುತ್ತಾಳೆ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಹನ್ನೊಂದು ಎದುರಾಳಿಗಳ ನಡುವೆ ನುಗ್ಗುವ 'ರನ್ನಿಂಗ್ ಬ್ಯಾಕ್' ಆಟಗಾರ ಮಾಡುವುದೂ ಇದನ್ನೇ.

ಈ ಇಬ್ಬರಿಗೂ ಇನ್ನೊಂದು ಪ್ರಶ್ನೆ ಸಮಾನ: ಓಟ ಮುಗಿದ ಮೇಲೆ ಏನು? ವಿಶ್ವಕಪ್ ಗೆದ್ದ ತನ್ನ ಆಟಗಾರರಿಗೆ ಮಹಾರಾಷ್ಟ್ರ ತಲಾ 2.25 ಕೋಟಿ ರೂಪಾಯಿ ಮತ್ತು ಉನ್ನತ ದರ್ಜೆಯ ಸರ್ಕಾರಿ ನೌಕರಿ ಘೋಷಿಸಿತು. ಕರ್ನಾಟಕ ಘೋಷಿಸಿದ್ದು ತಲಾ 5 ಲಕ್ಷ. ಚೈತ್ರಾ ಹಾಗೂ ಪುರುಷರ ತಂಡದಲ್ಲಿದ್ದ ಕನ್ನಡಿಗ ಎಂ.ಕೆ. ಗೌತಮ್ ಅದನ್ನು ಒಪ್ಪಲಿಲ್ಲ. ದುಡ್ಡಿನ ಆಸೆ ಎಂದು ಇದನ್ನು ತಳ್ಳಿಹಾಕಬಾರದು. ಹಳ್ಳಿಯಿಂದ ಬಂದ ಆಟಗಾರರಿಗೆ ಬೇಕಾದದ್ದು ಹಾರ ತುರಾಯಿಗಿಂತ ಹೆಚ್ಚಾಗಿ ಒಂದು ಭದ್ರವಾದ ಕೆಲಸ.

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಆಡುವ ನೂರು ಮಂದಿಯಲ್ಲಿ ಇಬ್ಬರಿಗೂ ವೃತ್ತಿಪರ ತಂಡ ಸೇರುವ ಅವಕಾಶ ಸಿಗುವುದಿಲ್ಲ. ಉಳಿದವರಿಗೆ ಪದವಿಯೇ ಆಸರೆ. ಆದ್ದರಿಂದಲೇ ಓದಿನಲ್ಲಿ ನಿಗದಿತ ಮಟ್ಟ ಮುಟ್ಟದವರನ್ನು ಅಲ್ಲಿ ಮೈದಾನಕ್ಕೆ ಇಳಿಸುವುದಿಲ್ಲ. ಆಟವೂ ಬೇಕು, ಓದೂ ಬೇಕು ಎಂಬುದು ಅಲ್ಲಿ ಬರೀ ಉಪದೇಶವಲ್ಲ, ನಿಯಮ.

ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ಹತ್ತನೇ ತರಗತಿ ಬಂತೆಂದರೆ ಆಟದ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಹೆಣ್ಣುಮಕ್ಕಳಿಗಂತೂ ಆಟ ಅಲ್ಲಿಗೇ ಮುಗಿಯಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಶಾಲೆಗಳಲ್ಲಿ ಚುರುಕು ಕಾಲಿನ ಮಕ್ಕಳಿಗೇನೂ ಕೊರತೆಯಿಲ್ಲ. ಖೋ ಖೋಗೆ ಬೇಕಾದದ್ದು ಎರಡು ಕಂಬ, ಒಂದಿಷ್ಟು ಸಮತಟ್ಟಾದ ನೆಲ, ಸಾಯಂಕಾಲ ಒಂದು ಗಂಟೆ.

ಪೋಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಮಗಳು ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾದರೆ ಪರೀಕ್ಷೆಯ ನೆಪ ಹೇಳಿ ತಡೆಯಬೇಡಿ. ಅವಳು ಪಡೆದ ಪ್ರಮಾಣಪತ್ರಗಳನ್ನು ಅಂಕಪಟ್ಟಿಯ ಜೊತೆಯಲ್ಲೇ ಜೋಪಾನವಾಗಿಡಿ. ಕ್ರೀಡಾ ಕೋಟಾದ ಸೀಟಿಗೆ, ರೈಲ್ವೆ ಮುಂತಾದೆಡೆ ಕ್ರೀಡಾಪಟುಗಳ ನೇಮಕಾತಿಗೆ ಅವೇ ಆಧಾರ. ಪದವಿಯಾದ ಮೇಲೆ ಬಿ.ಪಿ.ಎಡ್. ಮಾಡಿ ದೈಹಿಕ ಶಿಕ್ಷಕಿಯಾಗುವ ದಾರಿಯೂ ಇದೆ. ಮಕ್ಕಳೇ, ನಿಮಗೂ ಒಂದು ಮಾತು: ಆಟದ ದಿನ ತಪ್ಪಿಹೋದ ಪಾಠವನ್ನು ಅದೇ ವಾರ ಗೆಳತಿಯ ನೋಟ್ಸ್ ನೋಡಿ ಬರೆದುಕೊಳ್ಳಿ. ಅರ್ಥವಾಗದಿದ್ದರೆ ಮೇಷ್ಟರನ್ನು ಕೇಳಿ, ಹೇಳಿಕೊಡುತ್ತಾರೆ.