ಕೋಣೆಯ ಕೇಸರಿ: ಮೊದಲ ವರ್ಷದ ಹೂವನ್ನು ನಂಬಬಹುದೆ?

2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಅಡಿಕೆ ತೋಟ ಉಳಿಸಿಕೊಂಡ ಚನ್ನಗಿರಿ ಸೀಮೆಯ ರೈತರಿಗೆ, ನಾಲೆ ನೀರಿನ ದಾರಿ ಕಾಯುವ ಹೊನ್ನಾಳಿ, ನ್ಯಾಮತಿಯವರಿಗೆ, ಮಳೆಯನ್ನೇ ನಂಬಿದ ಜಗಳೂರಿನವರಿಗೆ 'ಹೆಚ್ಚು ನೀರು ಬೇಡದ ಬೆಳೆ' ಎಂಬ ಮಾತು ಹಿತವಾಗಿ ಕೇಳುವುದು ಸಹಜ. ಈಗ ಆ ಮಾತು ಕಾಶ್ಮೀರದ ಕೇಸರಿಯ ಹೆಸರಿನಲ್ಲಿ ಬಂದಿದೆ. ಕೋಣೆಯಲ್ಲಿ ಟ್ರೇಗಳ ಮೇಲೆ ಗೆಡ್ಡೆ ಜೋಡಿಸಿ, ಎ.ಸಿ. ಹಾಕಿ ಹೂ ಬಿಡಿಸಿದವರ ಸುದ್ದಿ ನಮ್ಮ ರಾಜ್ಯದಿಂದಲೂ ಬರುತ್ತಿದೆ. ಸುದ್ದಿ ಸುಳ್ಳಲ್ಲ. ಆದರೆ ಆ ಹೂವು ಎಲ್ಲಿಯದು ಎಂಬುದನ್ನು ವಿಚಾರಿಸಬೇಕು.

ಕೇಸರಿ ಬೀಜ ಕಟ್ಟದ ಗಿಡ. ಗೆಡ್ಡೆಯಿಂದಲೇ ವಂಶ ಬೆಳೆಯಬೇಕು. ಎಲೆ ಒಣಗಿದ ಮೇಲೆ, ಬೇಸಿಗೆಯಲ್ಲಿ, ಗೆಡ್ಡೆಯೊಳಗೇ ಮೊಗ್ಗು ಮೂಡುತ್ತದೆ. ಅದಕ್ಕೆ 23ರಿಂದ 27 ಡಿಗ್ರಿ ಉಷ್ಣತೆ ಬೇಕು. ಅನಂತರ ಸುಮಾರು 17 ಡಿಗ್ರಿಗೆ ತಂಪಾದರೆ ಹೂವು ಹೊರಬರುತ್ತದೆ. ಆಗಸ್ಟಿನಲ್ಲಿ ನಿಮ್ಮ ಕೈಸೇರುವ ಗೆಡ್ಡೆ ಸಾಮಾನ್ಯವಾಗಿ ಮೊಗ್ಗನ್ನೂ ಅದಕ್ಕೆ ಬೇಕಾದ ಆಹಾರವನ್ನೂ ಪಾಂಪೋರಿನ ಹೊಲದಿಂದಲೇ ಹೊತ್ತು ತಂದಿರುತ್ತದೆ.

ಮೊಗ್ಗು ಬಲಿಯುವ ಈ ಹಂತ ಬಹಳ ನಾಜೂಕು. ಬೆಳೆಯುವ ಜೀವಕೋಶ ಜೋರಾಗಿ ಉಸಿರಾಡುತ್ತದೆ. ಆಗ ಆಮ್ಲಜನಕದ ಕೆಲವು ಉಗ್ರ ರೂಪಗಳು ಹುಟ್ಟುತ್ತವೆ. ಸೆಖೆ ಏರಿದರೆ ಇನ್ನೂ ಹೆಚ್ಚು. ಇವನ್ನು ಅಡಗಿಸಲು ಗಿಡದಲ್ಲಿ ಕಿಣ್ವಗಳುಂಟು. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬುದು ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿಸುತ್ತದೆ. ಕ್ಯಾಟಲೇಸ್, ಪೆರಾಕ್ಸಿಡೇಸ್‌ಗಳು ಆ ಪೆರಾಕ್ಸೈಡನ್ನೂ ಕಳೆಯುತ್ತವೆ. ಆಸ್ಪತ್ರೆಯಲ್ಲಿ ಗಾಯ ತೊಳೆಯುವಾಗ ನೊರೆ ಉಕ್ಕುವುದನ್ನು ನೋಡಿದ್ದೀರಲ್ಲ, ಅದು ನಮ್ಮ ರಕ್ತದ ಕ್ಯಾಟಲೇಸ್ ಮಾಡುವ ಕೆಲಸವೇ. ಸೆಖೆ ಬಿಡದಿದ್ದರೆ ಈ ಕಾವಲು ಸೋಲುತ್ತದೆ, ಮೊಗ್ಗು ಒಳಗೇ ಬಾಡುತ್ತದೆ. ಕರೆಂಟು ಕೈಕೊಟ್ಟ ಕೋಣೆಯಲ್ಲಿ ಪೆಟ್ಟು ಬೀಳುವುದು ಇಲ್ಲಿಗೇ. (ಮಾರುವವರು ಹೊಗಳುವ 'ಆಂಟಿ ಆಕ್ಸಿಡೆಂಟ್' ಕೇಸರಿ ಎಳೆಯ ಕೆಂಪು ಬಣ್ಣದ ಕ್ರೋಸಿನ್, ಅದರ ಮಾತೇ ಬೇರೆ.)

ನಿಜವಾದ ಪರೀಕ್ಷೆ ಹೂ ಕೊಯ್ದ ಮೇಲೆ. ಬರಿದಾದ ಗೆಡ್ಡೆಯನ್ನು ಮಣ್ಣಿಗಿಟ್ಟು, ಚಳಿಯಲ್ಲಿ ಎಲೆ ಬೆಳೆಸಿ, ಮರಿಗೆಡ್ಡೆ ದಪ್ಪವಾಗಿಸಬೇಕು. ಕಾಶ್ಮೀರದಲ್ಲಿ ಈ ಎಲೆ ಏಪ್ರಿಲ್‌ವರೆಗೂ ಹಸಿರಾಗಿರುತ್ತದೆ. ನಮ್ಮಲ್ಲಿ ಫೆಬ್ರವರಿಗೇ ಬಿಸಿಲೇರುತ್ತದೆ. ಎಲೆ ಬೇಗ ಒಣಗಿದರೆ ಗೆಡ್ಡೆ ತುಂಬದೆಂಬುದು ಜಗಳೂರಿನ ಈರುಳ್ಳಿ ಬೆಳೆಗಾರರಿಗೆ ಹೇಳಬೇಕಾದ್ದಿಲ್ಲ. ಸುಮಾರು 8 ಗ್ರಾಂಗಿಂತ ಕಡಿಮೆ ತೂಕದ ಕೇಸರಿ ಗೆಡ್ಡೆ ಹೂ ಬಿಡುವುದು ಅಪರೂಪ. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂ ಬೇಕು. ಹೂ ಬಾರದಿದ್ದರೆ ಮತ್ತೆ ಕಾಶ್ಮೀರದ ಗೆಡ್ಡೆಗೇ ದುಡ್ಡು ಸುರಿಯಬೇಕು.

ತರಬೇತಿಗೆ ಹಣ ಕಟ್ಟುವ ಮುನ್ನ, ಅವರ ಕೋಣೆಯಲ್ಲೇ ಹುಟ್ಟಿದ ಮರಿಗೆಡ್ಡೆ ಎರಡನೆಯ, ಮೂರನೆಯ ವರ್ಷ ಬಿಟ್ಟ ಹೂವನ್ನು ತೋರಿಸಿರೆಂದು ಕೇಳಿ. ಗೆಡ್ಡೆಯನ್ನು ನೀವೇ ತೂಗಿ ನೋಡಿ.