ಬದುಕುಳಿದವರದಷ್ಟೇ ಸಾಕ್ಷಿಯೆ?

ಕಳೆದ ಸಂಚಿಕೆಯ ಬಾಣಂತನದ ಲೇಖನದ ವಾದ ಇಷ್ಟು: ಜೇನು ನೆಕ್ಕಿಸಿ, ಒಳಲೆಯಲ್ಲಿ ನೀರು ಕುಡಿಸಿ ಬೆಳೆಸಿದರೂ ನಾವೆಲ್ಲ ಚೆನ್ನಾಗಿಯೇ ಇದ್ದೇವೆ; ಇಂದಿನ ವೈದ್ಯರು ತಾಯಂದಿರನ್ನು ಸುಮ್ಮನೆ ಹೆದರಿಸುತ್ತಾರೆ.

ಚೆನ್ನಾಗಿರುವವರು ತಾನೆ ಲೇಖನ ಬರೆಯುವುದು! 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆಯ ಹೆರಿಗೆ, ಶುದ್ಧ ನೀರು ಎಂದು ಕಾರಣ ಹಲವು. ಅವುಗಳಲ್ಲಿ ಜೇನಂತೂ ಇಲ್ಲ.

ಜೇನಿನಲ್ಲಿ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು. ದೊಡ್ಡವರ ಕರುಳಿನಲ್ಲಿ ಅವುಗಳ ಆಟ ನಡೆಯದು; ಎಳೆಗರುಳಿನಲ್ಲಿ ಮೊಳೆತು ವಿಷ ಕಕ್ಕುತ್ತವೆ. ಮೊದಲು ಮಲಬದ್ಧತೆ, ಆಮೇಲೆ ಸೋತ ಅಳು, ನಿಲ್ಲದ ಕತ್ತು. ಅಪರೂಪ, ನಿಜ. ಆದರೆ ನೆಕ್ಕಿಸಿದ್ದರಿಂದ ಮಗುವಿಗಾಗುವ ಲಾಭವಾದರೂ ಏನು? ಇನ್ನು ನೀರು: ಎದೆಹಾಲಿನ ಶೇ 87ರಷ್ಟು ನೀರೇ. ಪುಟ್ಟ ಹೊಟ್ಟೆಗೆ ನೀರು ತುಂಬಿಸಿದರೆ ಹಾಲಿಗೆ ಜಾಗವೆಲ್ಲಿ? ಬೇಸಿಗೆಯಲ್ಲೂ ಆರು ತಿಂಗಳವರೆಗೆ ಹಾಲೇ ಸಾಕು.

ಮಗುವಿಗೆ ಎಣ್ಣೆನೀರು ಹಾಕುವುದಕ್ಕೆ ನನ್ನ ತಕರಾರಿಲ್ಲ. ಮೊಳಕೆ ರಾಗಿಯ ಸರಿಯೂ ಸೊಗಸೇ, ಆರು ತಿಂಗಳು ತುಂಬಿದ ಮೇಲೆ. ಅಜ್ಜಿಯರನ್ನು ಯಾರೂ ಅಟ್ಟುತ್ತಿಲ್ಲ. ಜೇನಿನ ಬಾಟಲಿಯನ್ನು ಮೇಲೆತ್ತಿಡಿ ಎಂದಷ್ಟೇ ಕೇಳುತ್ತಿರುವುದು, ಅದೂ ಒಂದೇ ವರ್ಷದ ಮಟ್ಟಿಗೆ.