ಗಾರೆಗೆ ನಾರು ಸರಿ, ಯಾವ ನಾರು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹಳತಾದರೂ ಮನೆ ಕಟ್ಟುವ ಬಗೆ ದಿನೇ ದಿನೇ ಹೊಸತಾಗುತ್ತಿದೆ. ರೆಡಿಮೇಡ್ ಗೋಡೆ ಎಂದು ಜನ ಕರೆಯುವ ಸಿಮೆಂಟು ಹಲಗೆಗಳು ಲಾರಿಯಲ್ಲಿ ಬಂದು, ಕೆಲವೇ ದಿನಗಳಲ್ಲಿ ಆವರಣ ಗೋಡೆಯೋ ಕೊಠಡಿಯೋ ಎದ್ದು ನಿಲ್ಲುತ್ತದೆ. ಈ ಹಲಗೆಗಳಿಗೂ ಅವುಗಳ ಮೇಲಿನ ಸಾರಣೆಗೂ ನಾರು ಬೆರೆಸುವ ಕ್ರಮ ಈಗ ಬಳಕೆಗೆ ಬಂದಿದೆ. ನಾರು ಹಾಕಿದರೆ ಬಿರುಕೇ ಬಿಡದೆಂಬ ಮಾರಾಟಗಾರರ ಮಾತನ್ನು ಸಾಲ ಮಾಡಿ ಮನೆ ಕಟ್ಟುವವರು ಎಷ್ಟರಮಟ್ಟಿಗೆ ನಂಬಬಹುದೆಂಬುದು ವಿಚಾರಾರ್ಹವಾಗಿದೆ.

ನಾರು ಬೆರೆಸುವುದು ನಮ್ಮವರಿಗೆ ಹೊಸತೇನೂ ಅಲ್ಲ. ಕಳೆದ ರಜೆಯಲ್ಲಿ ನಾವು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಸಾನಮಾವಿಗೆ ಹೋಗಿದ್ದೆವು. ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯ ಈ ಊರಿಗೆ ಹೊಂದಿಕೊಂಡು ಕಾಡಿದೆ. ರಾಗಿಯ ಕಾಲಕ್ಕೆ ಆನೆಗಳೂ ಬರುತ್ತವೆ. ನಮ್ಮ ಕಾಸರಗೋಡಿನಂತೆ ಆ ಸೀಮೆಯಲ್ಲಿಯೂ ಕನ್ನಡ ಮನೆಮಾತಿನ ಕುಟುಂಬಗಳಿವೆ. ಅಲ್ಲಿನ ಹಿರಿಯರೊಬ್ಬರು ತಮ್ಮ ಮಣ್ಣಿನ ಗೋಡೆಯ ಉದುರಿದ ಭಾಗವನ್ನು ತೋರಿಸಿದರು. ಒಳಗೆ ರಾಗಿ ಹುಲ್ಲಿನ ತುಂಡುಗಳಿದ್ದವು. ಹುಲ್ಲು ಸೇರಿಸಿ ತುಳಿಯದಿದ್ದರೆ ಮಣ್ಣು ಒಣಗುವಾಗ ಸೀಳುತ್ತದೆಂದು ಅವರೆಂದರು. ಎದುರಿಗಿದ್ದ ಹೊಸ ರೆಡಿಮೇಡ್ ಗೋಡೆಯಲ್ಲಿ ಹಲಗೆಗಳು ಕೂಡುವಲ್ಲೆಲ್ಲ ಸಾರಣೆ ಬಿರಿದಿತ್ತು.

ಹಿರಿಯರ ಮಾತಿನಲ್ಲಿ ಶಾಸ್ತ್ರವಿದೆ. ಸಿಮೆಂಟು ಗಾರೆಯೂ ಒಣಗುವಾಗ ಕುಗ್ಗುತ್ತದೆ. ಸಣ್ಣ ಬಿರುಕು ಹುಟ್ಟಿದೊಡನೆ ಅದಕ್ಕೆ ಅಡ್ಡಲಾಗಿರುವ ನಾರು ಅದನ್ನು ಬೆಳೆಯಗೊಡದು. ಪಾಲಿಪ್ರೊಪಿಲೀನ್ ನಾರಾದರೆ ಒಂದು ಘನ ಮೀಟರ್ ಗಾರೆಗೆ ಸುಮಾರು 900 ಗ್ರಾಂ ಬೆರೆಸುವುದು ರೂಢಿ. ಹಲಗೆಯನ್ನು ಎತ್ತಿ ಸಾಗಿಸುವಾಗ ಅಂಚು ಒಡೆಯದಿರಲೂ ಅದು ನೆರವಾಗುತ್ತದೆ. ಆದರೆ ಅದು ಕಬ್ಬಿಣದ ಸರಳಿಗೆ ಬದಲಿಯಲ್ಲ. ಹಲಗೆಗಳ ಕೂಡುವಿಕೆಗೆ ಬಲೆಯ ಪಟ್ಟಿ ಹೊದಿಸದೆ, ಏಳು ದಿನವಾದರೂ ನೀರು ಹನಿಸದೆ ಬಿಟ್ಟ ಸಾರಣೆಯನ್ನು ಯಾವ ನಾರೂ ಕಾಪಾಡಲಾರದು.

ನಾರುಗಳೆಲ್ಲ ಒಂದೇ ಅಲ್ಲವೆಂಬುದನ್ನೂ ಗಮನಿಸಬೇಕು. ಸಿಮೆಂಟಿನ ಕ್ಷಾರ ಸಾಮಾನ್ಯ ಗಾಜಿನ ನಾರನ್ನು ತಿನ್ನುತ್ತದೆ. ಅದಕ್ಕೆ ಜಿರ್ಕೋನಿಯಾ ಸೇರಿದ ಬೇರೆಯೇ ಗಾಜು ಬೇಕು. ನಮ್ಮ ತೆಂಗಿನ ನಾರು ಸುಲಭವಾಗಿ ಸಿಕ್ಕಿದರೂ ಅದೇ ಕ್ಷಾರದಿಂದ ವರ್ಷಗಳುರುಳಿದಂತೆ ಸತ್ವ ಕಳೆದುಕೊಳ್ಳುತ್ತದೆ. ಜಿಪ್ಸಮ್‌ನಲ್ಲಿ ಈ ಕಾಟವಿಲ್ಲ. ರಸಗೊಬ್ಬರ ಕಾರ್ಖಾನೆಯಲ್ಲಿ ಉಳಿಯುವ ಜಿಪ್ಸಮ್‌ಗೆ ಗಾಜಿನ ನಾರು ಬೆರೆಸಿ 12 ಮೀಟರ್ ಉದ್ದ, 3 ಮೀಟರ್ ಎತ್ತರದ ಟೊಳ್ಳು ಹಲಗೆಗಳನ್ನು ಮಾಡಲಾಗಿದೆ. ಇಂಥವುಗಳಿಂದ ಮದರಾಸಿನ ಐ.ಐ.ಟಿ. 2013ರಲ್ಲಿ ಎರಡಂತಸ್ತಿನ ಮಾದರಿ ಕಟ್ಟಡವನ್ನು ಕಟ್ಟಿ ತೋರಿಸಿತು.

ಇನ್ನೊಂದು ನಾರಿನ ಕತೆಯನ್ನು ಮರೆಯುವಂತಿಲ್ಲ. ಅದೇ ಕಲ್ನಾರು, ಎಂದರೆ ಆಸ್‌ಬೆಸ್ಟಾಸ್. ಸುಮಾರು 1900ರಲ್ಲಿ ಆಸ್ಟ್ರಿಯದ ಲುಡ್ವಿಗ್ ಹಾಚೆಕ್ ಅದನ್ನು ಸಿಮೆಂಟಿಗೆ ಬೆರೆಸಿ ಶೀಟು ಮಾಡಿದರು. ಅಗ್ಗವೂ ಬಾಳಿಕೆಯುಳ್ಳದ್ದೂ ಆದ ಆ ಶೀಟನ್ನು ನಾವು ಹಟ್ಟಿಗೂ ಹೊದಿಸಿದೆವು, ಶಾಲೆಗೂ ಹೊದಿಸಿದೆವು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಆರೋಗ್ಯರಕ್ಷಣೆಗೆ ಆದೇಶವಿತ್ತಿತು. ಶೀಟನ್ನು ಕುಯ್ದಾಗ, ಕೊರೆದಾಗ, ಒಡೆದಾಗ ಏಳುವ ಧೂಳೇ ಮುಖ್ಯ ಅಪಾಯ. ಒಡೆದ ಚೂರುಗಳನ್ನು ಅಂಗಳದ ಗುಂಡಿಗೆ ತುಂಬಿಸುವುದು, ಮಕ್ಕಳ ಕೈಗೆ ಸಿಗುವಂತೆ ಹಿತ್ತಿಲಲ್ಲಿ ರಾಶಿ ಹಾಕುವುದು ತೀರ ಅಪಾಯಕರ.

ಆದುದರಿಂದ ಹಲಗೆಯನ್ನಾಗಲಿ ಶೀಟನ್ನಾಗಲಿ ಕೊಳ್ಳುವ ಮುನ್ನ, ಇದರಲ್ಲಿರುವುದು ಯಾವ ನಾರೆಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಲೇಸು. ಶಾಲೆಗೆ ಹೊಸ ಕೊಠಡಿ ಬರುವಾಗ ರಕ್ಷಕ-ಶಿಕ್ಷಕ ಸಂಘದವರೂ ಇದೇ ಪ್ರಶ್ನೆಯನ್ನು ಕೇಳಬೇಕು. ನಾರಿನ ಪೊಟ್ಟಣದ ಮೇಲಿನ ಸೂಚನೆ ಗಾರೆ ಕೆಲಸದವನಿಗೆ ಓದಲು ಬರುವ ಭಾಷೆಯಲ್ಲಿ ಇಲ್ಲದಿದ್ದರೆ ಅಳತೆ ತಪ್ಪುವುದು ಸಹಜ; ನಮ್ಮ ಕಡೆಯ ಅಂಗಡಿಗಳಲ್ಲಿ ಅದು ಕನ್ನಡದಲ್ಲಿಯೂ ಇರುವಂತೆ ಮಾರಾಟಗಾರರು ಏರ್ಪಾಡು ಮಾಡಲಿ. ಹಳೆಯ ಶೀಟುಗಳನ್ನು ಒಡೆಯದೆ, ನೀರು ಚಿಮುಕಿಸಿ ಇಳಿಸಿ ಸುರಕ್ಷಿತವಾಗಿ ಸಾಗಿಸುವ ಹೊಣೆಯನ್ನು ಪಂಚಾಯತುಗಳು ವಹಿಸಿಕೊಳ್ಳಬೇಕೆಂದು ನಾವು ಆಗ್ರಹಿಸುತ್ತೇವೆ.